ಬಜೆಟ್ ಪುಸ್ತಕದಾಗ ನಮ್ಮ ಓಣಿ ಎಲ್ಲೈತಿ?

(ಗುಡಗೇರಿಯಲ್ಲಿ ಸೇರಿದ್ದ ವಿದ್ಯಾರ್ಥಿ–ಯುವಜನರ ಸಭೆಯಲ್ಲಿ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಬರೆಯಲಾಗಿದೆ.)



ಇವತ್ತು ನಾನು ಬರೀ ಲೆಕ್ಕ ಹೇಳುವವನಿದ್ದೇನೆ. ಲೆಕ್ಕ ಅಂದ ಕೂಡಲೇ ಹಿಂದಿನ ಸಾಲಿನವರು ಆಕಳಿಸಬೇಡಿ. ನಮ್ಮ ಜನರನ್ನು ಎರಡು ಪುಸ್ತಕಗಳು ಆಳಿದ್ದಾವೆ. ಒಂದು ಮನುವಿನ ಪುಸ್ತಕ. ಅದನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಡಿಸಿದರು. ಇನ್ನೊಂದು ಊರಿನ ಜಮಾಖರ್ಚಿನ ಪುಸ್ತಕ. ಇದನ್ನು ಸುಡಬಾರದು, ಓದಬೇಕು. ಯಾಕಂದರೆ ನಮ್ಮ ಓಣಿಗೆ ನೀರು ಬರೋದು, ಬಾರದೇ ಇರೋದು, ಗಟಾರ ನಮ್ಮ ಮನೆ ಮುಂದೆ ಬಂದು ನಿಂತುಬಿಡೋದು, ದೀಪದ ಕಂಬ ನಮ್ಮ ಓಣಿಯ ಬಾಯಿತನಕ ಬಂದು ಒಳಗೆ ಬಾರದೇ ಇರೋದು, ಇವೆಲ್ಲ ಹಣೆಬರಹ ಅಲ್ಲ, ಬಜೆಟ್ ಬರಹ. ಅದನ್ನು ಬರೆಯುವ ಕೈ ಯಾವುದು, ಯಾವ ತಿಂಗಳಲ್ಲಿ ಬರೆಯುತ್ತದೆ, ಯಾವ ಕಾಲಮ್ಮಿನಲ್ಲಿ ನಮ್ಮನ್ನು ಕೂಡಿಸುತ್ತದೆ, ಯಾವ ಕಾಲಮ್ಮಿನಲ್ಲಿ ಕಳೆಯುತ್ತದೆ ಅನ್ನೋದು ತಿಳಿಯದಿದ್ದರೆ ನಾವು ಎಷ್ಟು ಘೋಷಣೆ ಕೂಗಿದರೂ ಮುಖ್ಯಾಧಿಕಾರಿ ಒಂದೇ ಮಾತು ಹೇಳ್ತಾನೆ: "ಅನುದಾನ ಬಂದಿಲ್ರಿ." ನಾವು ಮನೆಗೆ ಬರ್ತೀವಿ.

"ಅನುದಾನ ಬಂದಿಲ್ಲ" ಅನ್ನೋ ಮಾತು ಖರೆ ಐತೋ ಸುಳ್ಳು ಐತೋ ನೋಡುವ ವಿದ್ಯೆ ಕಲಿಯುವುದೇ ಇವತ್ತಿನ ಕೆಲಸ.

ಅಂಬೇಡ್ಕರರನ್ನು ನಾವು ಸಂವಿಧಾನ ಬರೆದವರು ಅಂತ ಹಾರ ಹಾಕುತ್ತೇವೆ. ಅವರು ಮೊದಲು ಓದಿದ್ದು ಏನು ಗೊತ್ತೇ? ಸರ್ಕಾರದ ಹಣಕಾಸು. 1925ರಲ್ಲಿ ಪ್ರಕಟವಾದ ಅವರ ಪುಸ್ತಕ ಬ್ರಿಟಿಷ್ ಭಾರತದಲ್ಲಿ ಪ್ರಾಂತಗಳ ಹಣಕಾಸು ಹೇಗೆ ಬೆಳೆಯಿತು ಎಂಬುದರ ಮೇಲೆ. ಕೊಲಂಬಿಯಾ ವಿಶ್ವವಿದ್ಯಾಲಯದ ಅವರ ಸಂಶೋಧನೆಯೇ ಅದು. ಮೇಲಿನ ಸರ್ಕಾರ ಕೆಳಗಿನ ಸರ್ಕಾರಕ್ಕೆ ಹಣವನ್ನು ಹೇಗೆ ಹಂಚುತ್ತದೆ, ಹಂಚುವಾಗ ಲಗಾಮನ್ನು ಹೇಗೆ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ ಅಂತ ಆ ಮನುಷ್ಯ ಕೂತು ಓದಿದ್ದ. ಚಳವಳಿಗೆ ಇಳಿಯುವ ಮುಂಚೆ ಲೆಕ್ಕ ಓದಿದ್ದ. ಇದನ್ನು ಹಾಸ್ಟೆಲ್ಲಿನ ಗೋಡೆಗೆ ಫೋಟೋ ಹಾಕುವಾಗ ನೆನಪಿಡಿ.

ಮಹಾಡದ ಕೆರೆಯ ಸಂಗತಿಯೂ ಒಂದು ಪುರಸಭೆಯ ಸಂಗತಿಯೇ. 1923ರ ಆಗಸ್ಟಿನಲ್ಲಿ ಮುಂಬೈ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆ ಎಂಬುವರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ, ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ. ಗಮನಿಸಿ: "ಸಾರ್ವಜನಿಕ ಹಣ" ಅನ್ನೋದೇ ಇಲ್ಲಿ ಕೀಲಿಕೈ. ಆಗ ನಮ್ಮ ಧಾರವಾಡ ಜಿಲ್ಲೆಯೂ ಮುಂಬೈ ಇಲಾಖೆಯಲ್ಲೇ ಇತ್ತು. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1924ರಲ್ಲಿ ಮಹಾಡ ಪುರಸಭೆ ಚವದಾರ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಪಾಸು ಮಾಡಿತು. ಠರಾವು ಪುಸ್ತಕದಲ್ಲಿ ಕೂತಿತು. ನೀರು ಕೆರೆಯಲ್ಲೇ ಇತ್ತು. ಮೂರು ವರ್ಷ ಒಬ್ಬನೂ ಒಂದು ಬೊಗಸೆ ನೀರು ಕುಡಿಯಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಿದರು. ಆಗ ಪುರಸಭೆ ಏನು ಮಾಡಿತು? ಅದೇ ವರ್ಷ ಆಗಸ್ಟಿನಲ್ಲಿ ತನ್ನ 1924ರ ಠರಾವನ್ನೇ ಹಿಂತೆಗೆದುಕೊಂಡಿತು! ಕೊನೆಗೆ ಮುಂಬೈ ಹೈಕೋರ್ಟು ನಮ್ಮವರ ಪರವಾಗಿ ತೀರ್ಪು ಕೊಟ್ಟದ್ದು 1937ರಲ್ಲಿ.

ಇದರಿಂದ ಎರಡು ಪಾಠ. ಒಂದು, ಠರಾವು ಆಯಿತು ಅಂದರೆ ಕೆಲಸ ಆಯಿತು ಅಂತ ಅಲ್ಲ. ಎರಡು, ಠರಾವು ಇಲ್ಲದಿದ್ದರೆ ಕೇಳಲಿಕ್ಕೆ ಆಧಾರವೂ ಇಲ್ಲ. ಕಾಗದವೂ ಬೇಕು, ಕಾಲೂ ಬೇಕು.

ಈಗ ನಮ್ಮ ಕಡೆಗೆ ಬರೋಣ. ಗುಡಗೇರಿಗೆ ಗ್ರಾಮ ಪಂಚಾಯಿತಿ. ಕುಂದಗೋಳಕ್ಕೆ, ಕಲಘಟಗಿಗೆ ಪಟ್ಟಣ ಪಂಚಾಯಿತಿ. ನವಲಗುಂದಕ್ಕೆ, ಅಣ್ಣಿಗೇರಿಗೆ ಪುರಸಭೆ. ಹುಬ್ಬಳ್ಳಿ–ಧಾರವಾಡಕ್ಕೆ ಮಹಾನಗರ ಪಾಲಿಕೆ. ಇದೇನು ಬರೀ ಬೋರ್ಡಿನ ಹೆಸರಲ್ಲ. ಹಳ್ಳಿಗೆ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ, ಪಟ್ಟಣಕ್ಕೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನ ಇದ್ದರೆ ಪಟ್ಟಣ ಪಂಚಾಯಿತಿ, ಇಪ್ಪತ್ತರಿಂದ ಐವತ್ತು ಸಾವಿರ ಇದ್ದರೆ ಪುರಸಭೆ, ಅದರ ಮೇಲೆ ನಗರಸಭೆ, ಮೂರು ಲಕ್ಷ ದಾಟಿದರೆ ಪಾಲಿಕೆ. 1992ರಲ್ಲಿ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿ ಆದ ಮೇಲೆ ಇವು ಸರ್ಕಾರದ ದಯೆಯಿಂದ ನಡೆಯುವ ಕಚೇರಿಗಳಲ್ಲ. ಸಂವಿಧಾನವೇ ಗುರುತಿಸಿದ ಸ್ಥಳೀಯ ಸರ್ಕಾರಗಳು. ಅಲ್ಲಿ ನಮಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸೀಟಿನ ಮೀಸಲಾತಿಯೂ ಬಂತು.

ಸೀಟು ಬಂತು. ಸೀಟಿನ ಮುಂದೆ ಇಟ್ಟ ಪುಸ್ತಕ ಓದೋದು ಬಂತೇ? ಎಷ್ಟೋ ಕಡೆ ನಮ್ಮ ಮೆಂಬರು ಅಂದರೆ ಸಹಿ. "ಇಲ್ಲೊಂದು ಸಹಿ ಹಾಕು ಯಪ್ಪಾ, ಚಹಾ ಕುಡಿ" ಅಂತಾರೆ. ಬಜೆಟ್ ಸಭೆ ಚಹಾ ಆರುವುದರೊಳಗೆ ಮುಗಿದುಹೋಗುತ್ತದೆ. ಸಹಿ ಹಾಕಿದ ಅವ್ವ ಅಥವಾ ಅಣ್ಣ ಮನೆಗೆ ಬಂದರೆ ಓಣಿಯವರು ಅವರನ್ನೇ ಬೈಯುತ್ತಾರೆ. ಬೈಯುವ ಮುಂಚೆ ಯೋಚಿಸಿ: ನಿಮ್ಮಂಥ ಕಾಲೇಜು ಓದುವ ಹುಡುಗ ಒಬ್ಬ ಹಿಂದಿನ ರಾತ್ರಿ ಆ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕೂತು, "ಚಿಗವ್ವಾ, ಈ ಸಾಲು ಕೇಳು, ಈ ಸಾಲಿಗೆ ಒಪ್ಪಬ್ಯಾಡ" ಅಂತ ಹೇಳಿದ್ದನೇ?

ಸರಿ, ಹಣ ಎಲ್ಲಿಂದ ಬರುತ್ತದೆ? ಮೂರು ಕೊಡ ಅಂತ ತಿಳಿಯಿರಿ.

ಮೊದಲನೆಯ ಕೊಡ ಊರಿನ ಸ್ವಂತ ಆದಾಯ. ಮನೆಪಟ್ಟಿ, ನೀರಪಟ್ಟಿ, ಮಳಿಗೆ ಬಾಡಿಗೆ, ಸಂತೆ ಹರಾಜು, ವ್ಯಾಪಾರದ ಲೈಸೆನ್ಸು, ಕಟ್ಟಡದ ಪರವಾನಗಿ. ಪಟ್ಟಣಗಳಲ್ಲಿ 2002-03ರಿಂದ ಮನೆಯ ಮಾಲೀಕನೇ ತನ್ನ ಆಸ್ತಿ ತೆರಿಗೆ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದಿದೆ. ಈ ಮನೆಪಟ್ಟಿಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಊರಿನ ಖರ್ಚಿಗಲ್ಲ, ಆಯಾ ಇಲಾಖೆಗೆ ಹೋಗಬೇಕಾದ ಹಣ. ಹಿಂದೆ ಇನ್ನೊಂದು ದೊಡ್ಡ ಆದಾಯ ಇತ್ತು. ನಿಮ್ಮ ಅಜ್ಜಂದಿರನ್ನು ಕೇಳಿ: ಜಕಾತಿ ನಾಕಾ. ಚಕ್ಕಡಿಯಲ್ಲಿ ಮೆಣಸಿನಕಾಯಿ, ಹತ್ತಿ ತುಂಬಿಕೊಂಡು ಪಟ್ಟಣದೊಳಗೆ ಹೋಗುವಾಗ ಅಡ್ಡಗಟ್ಟೆಯಲ್ಲಿ ನಿಲ್ಲಿಸಿ ಜಕಾತಿ ವಸೂಲಿ ಮಾಡುತ್ತಿದ್ದರು. ಕರ್ನಾಟಕದಲ್ಲಿ ಅದನ್ನು 1979ರಲ್ಲಿ ತೆಗೆದರು. ರೈತನಿಗೆ ತಂಟೆ ತಪ್ಪಿತು, ಒಳ್ಳೆಯದೇ. ಆದರೆ ಅದರ ಬದಲಿಗೆ ಬಂದ ಪ್ರವೇಶ ತೆರಿಗೆ ರಾಜ್ಯ ಸರ್ಕಾರದ ಖಜಾನೆಗೆ ಹೋಯಿತು. 2017ರ ಜುಲೈಯಲ್ಲಿ ಆ ತೆರಿಗೆಯೂ ಜಿ.ಎಸ್.ಟಿ.ಯೊಳಗೆ ಕರಗಿತು. ಊರಿನ ಬಾಗಿಲಲ್ಲಿ ವಸೂಲಾಗುತ್ತಿದ್ದ ರೊಕ್ಕ ಮೊದಲು ಬೆಂಗಳೂರಿಗೆ, ಆಮೇಲೆ ದಿಲ್ಲಿಯ ಲೆಕ್ಕಕ್ಕೆ ಹೋಯಿತು. ಅಲ್ಲಿಂದ ಇಳಿದು ಬರಬೇಕು. ಸಣ್ಣ ಊರಿನ ಪುರಸಭೆ ಅನುದಾನಕ್ಕೆ ಕೈ ಒಡ್ಡುವ ಪರಿಸ್ಥಿತಿ ಬಂದದ್ದಕ್ಕೆ ಇದೂ ಒಂದು ಕಾರಣ. ಬಾಬಾಸಾಹೇಬರು ನೂರು ವರ್ಷದ ಹಿಂದೆ ಓದಿದ ಲಗಾಮಿನ ಕಥೆ ಇದೇ.

ಎರಡನೆಯ ಕೊಡ ರಾಜ್ಯದ ಹಣ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನ ಮೇಲೆ ಬರುವುದು. ಕಚೇರಿಯಲ್ಲಿ ಎಸ್.ಎಫ್.ಸಿ. ಅಂತಾರೆ. ಮುಕ್ತನಿಧಿ ಬೇರೆ, ವೇತನಕ್ಕೆ ಬೇರೆ, ವಿದ್ಯುತ್ತಿಗೆ ಬೇರೆ. ಬೀದಿದೀಪ, ನೀರಿನ ಪಂಪಿನ ಕರೆಂಟ್ ಬಿಲ್ಲಿಗೇ ದೊಡ್ಡ ಪಾಲು ಹೋಗಿಬಿಡುತ್ತದೆ. ಇದರ ಜೊತೆಗೆ ನಗರೋತ್ಥಾನದಂಥ ವಿಶೇಷ ಯೋಜನೆಗಳು ಬರುತ್ತವೆ.

ಮೂರನೆಯ ಕೊಡ ಕೇಂದ್ರದ ಹಣಕಾಸು ಆಯೋಗದ್ದು. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಒಂದು ಕಟ್ಟು ಹಾಕಿತು. ನೂರು ರೂಪಾಯಿ ಬಂದರೆ ಅರವತ್ತು ರೂಪಾಯಿ ಕಟ್ಟಿದ ಹಣ. ಮೂವತ್ತು ಕುಡಿಯುವ ನೀರಿಗೆ, ಮೂವತ್ತು ನೈರ್ಮಲ್ಯಕ್ಕೆ. ಉಳಿದ ನಲವತ್ತು ಊರಿನ ಅಗತ್ಯಕ್ಕೆ, ಆದರೆ ಸಂಬಳಕ್ಕೆ ಬಳಸುವಂತಿಲ್ಲ. ಹಳ್ಳಿಗೂ ಇದೇ ಲೆಕ್ಕ, ನಮ್ಮಂಥ ಸಣ್ಣ ಪಟ್ಟಣಕ್ಕೂ ಇದೇ ಲೆಕ್ಕ. ಹತ್ತು ಲಕ್ಷ ಬಂದಿದ್ದರೆ ಮೂರು ಲಕ್ಷ ನೀರಿಗೆ, ಮೂರು ಲಕ್ಷ ಸ್ವಚ್ಛತೆಗೆ ಖರ್ಚಾಗಿರಬೇಕು. ಆ ಐದು ವರ್ಷದಲ್ಲಿ ನಿಮ್ಮ ಓಣಿಯ ನಳ, ನಿಮ್ಮ ಓಣಿಯ ಗಟಾರ ಹೇಗಿತ್ತು, ನೀವೇ ನೋಡಿದವರು. ಲೆಕ್ಕವನ್ನೂ ಓಣಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ದೊಡ್ಡ ಕಾಮಗಾರಿಗಳ ಮಾತು. ಕುಡಿಯುವ ನೀರಿನ ದೊಡ್ಡ ಯೋಜನೆ, ಒಳಚರಂಡಿ ಇಂಥವಕ್ಕೆ ಮೇಲಿನವರು ಅನುದಾನ ಕೊಡುವಾಗ ಊರಿನ ಪಾಲೂ ಹಾಕಬೇಕು ಅಂತಾರೆ. 2005ರಲ್ಲಿ ಸಣ್ಣ–ಮಧ್ಯಮ ಪಟ್ಟಣಗಳಿಗಾಗಿ ಬಂದ ಕೇಂದ್ರದ ಯೋಜನೆಯಲ್ಲಿ ಕೇಂದ್ರ ಎಂಬತ್ತು, ರಾಜ್ಯ ಹತ್ತು, ಪುರಸಭೆ ಹತ್ತು ಅಂತ ಇತ್ತು. ಕೇಳಲಿಕ್ಕೆ ಹತ್ತು ಸಣ್ಣದು. ಆದರೆ ಇಪ್ಪತ್ತು ಕೋಟಿಯ ಕೆಲಸಕ್ಕೆ ಎರಡು ಕೋಟಿ. ಮನೆಪಟ್ಟಿ ಸರಿಯಾಗಿ ವಸೂಲಾಗದ ಊರು ಅದನ್ನು ಎಲ್ಲಿಂದ ತರಬೇಕು? ಒಂದೋ ಸಾಲ, ಒಂದೋ ಕೆಲಸ ಅರ್ಧಕ್ಕೆ. ಅರ್ಧಕ್ಕೆ ನಿಂತ ಪೈಪು ಎಲ್ಲಿ ನಿಲ್ಲುತ್ತದೆ? ಊರೊಳಗೆ ನಿಲ್ಲುವುದಿಲ್ಲ ತಮ್ಮಾ. ನಮ್ಮ ಓಣಿಯ ಬಾಯಲ್ಲಿ ನಿಲ್ಲುತ್ತದೆ. ಕೊನೆಗೆ ಹಾಕುವ ಪೈಪು ಯಾವಾಗಲೂ ನಮ್ಮದೇ.

ಈಗ ನಮ್ಮ ಪಾಲಿನ ಮಾತು. ಚೆನ್ನಾಗಿ ಬರೆದುಕೊಳ್ಳಿ.

ಕರ್ನಾಟಕದಲ್ಲಿ 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿ ಶೇಕಡಾ 17.15, ಪರಿಶಿಷ್ಟ ಪಂಗಡ ಶೇಕಡಾ 6.95. ಕೂಡಿಸಿದರೆ 24.10. ಪಟ್ಟಣದ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇಕಡಾ 24.10ನ್ನು ಪರಿಶಿಷ್ಟ ಜಾತಿ–ಪಂಗಡದವರ ಕಲ್ಯಾಣಕ್ಕೆ, 7.25ನ್ನು ಇತರ ಬಡವರಿಗೆ, 5ನ್ನು ಅಂಗವಿಕಲರಿಗೆ ಎತ್ತಿಡಬೇಕು. ಮೊದಲು ನಮ್ಮ ಪಾಲು 22.75 ಇತ್ತು. ಗ್ರಾಮ ಪಂಚಾಯಿತಿಯ ಸ್ವಂತ ನಿಧಿಯಲ್ಲಿ ಶೇಕಡಾ 25 ನಮ್ಮದು.

ಒಂದು ಉದಾಹರಣೆ ಹಿಡಿಯೋಣ. ಇದು ಯಾವ ಊರಿನ ನಿಜ ಲೆಕ್ಕವೂ ಅಲ್ಲ, ತಿಳಿಯಲಿಕ್ಕೆ ಮಾತ್ರ. ಒಂದು ಪಟ್ಟಣ ಪಂಚಾಯಿತಿಗೆ ವರ್ಷಕ್ಕೆ ಒಂದು ಕೋಟಿ ಸ್ವಂತ ಆದಾಯ ಅನ್ನಿ. ನಮ್ಮ ಕಾಲಮ್ಮಿನಲ್ಲಿ 24 ಲಕ್ಷ 10 ಸಾವಿರ ಇರಬೇಕು. ಆದರೆ ವರ್ಷದ ಕೊನೆಗೆ ಖರ್ಚಾದದ್ದು 9 ಲಕ್ಷ ಅಂತ ಬರುತ್ತದೆ ಅನ್ನಿ. ಉಳಿದ 15 ಲಕ್ಷ 10 ಸಾವಿರ ಎಲ್ಲಿ? ಮುಂದಿನ ವರ್ಷದ ಪುಸ್ತಕದಲ್ಲಿ ಅದು "ಆರಂಭ ಶಿಲ್ಕು" ಅಂತ ನಮ್ಮ ತಲೆಬರಹದ ಕೆಳಗೇ ಕಾಣಬೇಕು. ಕಾಣದಿದ್ದರೆ ಅದು ಸಾಮಾನ್ಯ ನಿಧಿಯ ದೊಡ್ಡ ಕೊಳಗದಲ್ಲಿ ಬಿತ್ತು ಅಂತ ಅರ್ಥ. ಯಾರೂ ಕದ್ದಿಲ್ಲ, ಯಾರ ಜೇಬಿಗೂ ಹೋಗಿಲ್ಲ, ಆದರೂ ನಮ್ಮ ಹದಿನೈದು ಲಕ್ಷ ಇಲ್ಲ. ಕಳ್ಳನಿಲ್ಲದ ಕಳವು ಇದು. ಇದಕ್ಕೆ ಪೊಲೀಸ್ ಸ್ಟೇಷನ್ನಿನಲ್ಲಿ ಕಂಪ್ಲೇಂಟೂ ಕೊಡಲಿಕ್ಕೆ ಬರುವುದಿಲ್ಲ. ಹಿಂದಿನ ವರ್ಷದ ಪುಸ್ತಕ, ಈ ವರ್ಷದ ಪುಸ್ತಕ ಎರಡನ್ನೂ ಜೊತೆಗಿಟ್ಟು ಓದುವವನಿಗೆ ಮಾತ್ರ ಇದು ಸಿಕ್ಕುತ್ತದೆ.

ಇನ್ನೊಂದು ದಾರಿ ಐತಿ ಸೋರಲಿಕ್ಕೆ. ಊರ ಅಗಸಿಯಿಂದ ಬಸ್ ಸ್ಟ್ಯಾಂಡಿನವರೆಗೆ ಕಾಂಕ್ರೀಟ್ ರಸ್ತೆ ಮಾಡುತ್ತಾರೆ. ಅದರಲ್ಲಿ ನಮ್ಮ ಜನವೂ ನಡೆಯುತ್ತಾರಲ್ಲ, ಆದ್ದರಿಂದ ಅದರ ಖರ್ಚಿನಲ್ಲಿ ಒಂದು ಪಾಲು ಪರಿಶಿಷ್ಟರ ಲೆಕ್ಕಕ್ಕೆ! ಗಾಳಿ ನಾವೂ ಉಸಿರಾಡುತ್ತೇವೆ, ಅದರ ಬಿಲ್ಲೂ ಹಾಕಬಹುದಿತ್ತು. ಇದು ತಮಾಷೆಯ ಮಾತಲ್ಲ. ರಾಜ್ಯ ಮಟ್ಟದಲ್ಲೇ ಈ ಉಪಾಯಕ್ಕೆ ಕಾನೂನಿನಲ್ಲಿ ಜಾಗ ಇತ್ತು. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯ್ದೆ ಬಂತು. ಬಜೆಟ್ಟಿನ ಯೋಜನಾ ಹಣದಲ್ಲಿ ನಮ್ಮ ಜನಸಂಖ್ಯೆಯ ಪ್ರಮಾಣದ ಪಾಲು ನಮಗೇ ಖರ್ಚಾಗಬೇಕು ಅಂತ. ಹೋರಾಟದ ಫಲ ಅದು. ಆದರೆ ಅದೇ ಕಾಯ್ದೆಯ 7ನೇ ಕಲಮಿನ 'ಡಿ' ಉಪಕಲಮಿನಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಎಲ್ಲರಿಗೂ ಆಗುವ ದೊಡ್ಡ ಕಾಮಗಾರಿಯ ಖರ್ಚಿನಲ್ಲಿ ಒಂದು ಭಾಗ ಪರಿಶಿಷ್ಟರಿಗೇ ಆಯಿತೆಂದು "ಭಾವಿಸಬಹುದು" ಅಂತ. ಭಾವಿಸುವುದು! ನೀರು ಕುಡಿದೆವು ಅಂತ ಭಾವಿಸಿದರೆ ನೀರಡಿಕೆ ಹೋಗತದೇನ್ರಿ? ಆ ಕಿಂಡಿಯಲ್ಲಿ ಸಾವಿರಾರು ಕೋಟಿ ಹರಿದು ಹೋಯಿತು ಅಂತ ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಅದನ್ನು ಕಿತ್ತು ಹಾಕಿದರು. ಆಮೇಲೆಯೂ ಈ ನಿಧಿಯನ್ನು ಗ್ಯಾರಂಟಿ ಯೋಜನೆಗಳ ಖರ್ಚಿಗೆ ತೋರಿಸಿದ್ದಕ್ಕೆ ತಕರಾರು ಎದ್ದಿತು. ಯಾವ ಪಕ್ಷದ ಸರ್ಕಾರ ಅಂತ ಕೇಳಬೇಡಿ. ಕಿಂಡಿ ಯಾವ ಪಕ್ಷದ್ದೂ ಅಲ್ಲ, ಎಲ್ಲರೂ ಬಗ್ಗಿ ನೋಡುತ್ತಾರೆ. ವಿಧಾನಸೌಧದಲ್ಲಿ ನಡೆಯುವುದು ನಮ್ಮೂರ ಪುರಸಭೆಯಲ್ಲಿ ನಡೆಯುವುದಿಲ್ಲವೇ?

ಮೂರನೆಯ ದಾರಿ ಕಂಟ್ರಾಕ್ಟಿನದು. ಗಟಾರ ನಮ್ಮ ಓಣಿಯದು, ಕಟ್ಟುವ ಕೂಲಿ ನಮ್ಮದು, ಬಿಲ್ಲು ಮಾತ್ರ ಇನ್ನೊಬ್ಬನದು. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ ಬಂದದ್ದು 1999ರಲ್ಲಿ. ಆ ಕಾಯ್ದೆಗೆ ತಿದ್ದುಪಡಿ ಮಾಡಿ 50 ಲಕ್ಷದೊಳಗಿನ ಕಾಮಗಾರಿಗಳಲ್ಲಿ ಶೇಕಡಾ 17.15 ಪರಿಶಿಷ್ಟ ಜಾತಿಯ, 6.95 ಪಂಗಡದ ಗುತ್ತಿಗೆದಾರರಿಗೆ ಅಂತ ಮಾಡಿದರು. 2023ರಲ್ಲಿ ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಅದಕ್ಕೂ ಒಂದು ಉಪಾಯ ಹುಡುಕಿದ್ದಾರೆ ಅಂತ ನಮ್ಮ ಗುತ್ತಿಗೆದಾರರು ದೂರುತ್ತಾ ಬಂದಿದ್ದಾರೆ. ಸಣ್ಣ ಸಣ್ಣ ಹತ್ತು ಕೆಲಸಗಳನ್ನು ಒಂದು ಗಂಟು ಕಟ್ಟಿ "ಪ್ಯಾಕೇಜ್" ಮಾಡಿಬಿಟ್ಟರೆ ಮಿತಿ ದಾಟುತ್ತದೆ, ಮೀಸಲಾತಿ ತಪ್ಪುತ್ತದೆ. ಡಿಪ್ಲೊಮಾ, ಐ.ಟಿ.ಐ., ಇಂಜಿನಿಯರಿಂಗ್ ಓದುವ ಹುಡುಗರು ಇಲ್ಲಿದ್ದೀರಿ. ನೌಕರಿಯ ಅರ್ಜಿ ಒಂದೇ ದಾರಿ ಅಲ್ಲ. ಲೈಸೆನ್ಸು ಮಾಡಿಸಿ ಈ ಕಡೆಗೂ ನೋಡಿ. ಆದರೆ ನಮ್ಮವನ ಲೈಸೆನ್ಸನ್ನು ಬಾಡಿಗೆಗೆ ತಗೊಂಡು ಮೇಲಿನವನು ಕೆಲಸ ಮಾಡುವ ಚಾಳಿಗೆ ಬಲಿಯಾಗಬೇಡಿ.

ಇಷ್ಟು ಕೇಳಿದ ಮೇಲೆ ಒಬ್ಬರು ಅನ್ನಬಹುದು: ಇದೆಲ್ಲ ಲಕ್ಷ ಕೋಟಿಯ ಮಾತು, ಮನುಷ್ಯನ ಮಾನ ಎಲ್ಲಿ ಬಂತು? ಬಂತು. ಇಲ್ಲೇ ಪಕ್ಕದ ಸವಣೂರಿಗೆ ಹೋಗೋಣ. ಈಗ ಅದು ಹಾವೇರಿ ಜಿಲ್ಲೆ. 1997ರ ತನಕ ನಮ್ಮದೇ ಧಾರವಾಡ ಜಿಲ್ಲೆ. ಸವಣೂರಿನಲ್ಲಿ ಭಂಗಿ ಜನಾಂಗದ ಕೆಲವೇ ಕುಟುಂಬಗಳು ಊರಿನ ಮಲ ಬಳಿಯುತ್ತಾ ಬದುಕಿದ್ದವು. ಅವರು ಬಹುಕಾಲದಿಂದ ಇದ್ದ ಜಾಗದಲ್ಲಿ ವಾಣಿಜ್ಯ ಮಳಿಗೆಗಳನ್ನು ಕಟ್ಟುವ ಯೋಜನೆ ಪುರಸಭೆಗೆ ಬಂತು. ಮನೆ ಖಾಲಿ ಮಾಡಿ ಅಂದರು. 2010ರ ಜುಲೈಯಲ್ಲಿ ಆ ಜನ ಪುರಸಭೆಯ ಕಚೇರಿಯ ಮುಂದೆ ಬಂದು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಇಡೀ ನಾಡು ತಲೆ ತಗ್ಗಿಸಿತು. ಆಮೇಲೆ ಮಂತ್ರಿ ಬಂದರು, ಅಧಿಕಾರಿಗಳು ಬಂದರು, ಭರವಸೆ ಬಂತು.

ನಾನು ನಿಮಗೆ ಕೇಳುವುದು: ಆ ಮಳಿಗೆಗಳ ಯೋಜನೆ ಆಕಾಶದಿಂದ ಬಿತ್ತೇ? ಪುರಸಭೆಯ ಲೆಕ್ಕದಲ್ಲಿ ಮಳಿಗೆ ಅಂದರೆ ಬಾಡಿಗೆ, ಬಾಡಿಗೆ ಅಂದರೆ ಸ್ವಂತ ಆದಾಯ. ಲೆಕ್ಕ ಬರೆಯುವವನ ಕಣ್ಣಿಗೆ ಆ ಜಾಗ ಖಾಲಿ ಕಂಡಿತು. ಅಲ್ಲಿದ್ದ ಮನುಷ್ಯರು ಕಾಲಮ್ಮಿನಲ್ಲಿ ಬರಲಿಲ್ಲ. ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗ, 1970ರ ದಶಕದ ಆರಂಭದಲ್ಲೇ, ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಅಂತ ಆಜ್ಞೆ ಮಾಡಿದ್ದರು. 1973ರಲ್ಲಿ ಬೂಸಾ ಗಲಾಟೆ ಎಬ್ಬಿಸಿ ಅವರನ್ನು ಮಂತ್ರಿ ಪದವಿಯಿಂದ ಇಳಿಸಿದ ಕಥೆ ನಿಮಗೆ ಗೊತ್ತು. ಅವರ ಆಜ್ಞೆ ಬಂದ ಮೇಲೆ 1993ರಲ್ಲಿ ಕೇಂದ್ರದ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು ಬಂತು. ಆಜ್ಞೆ ಇತ್ತು, ಕಾಯ್ದೆ ಇತ್ತು. ಆ ಕುಟುಂಬಗಳ ಹೆಸರಿನಲ್ಲಿ ಮನೆಗೆ, ಬೇರೆ ಕಸುಬಿಗೆ, ಮಕ್ಕಳ ಓದಿಗೆ ಪುರಸಭೆಯ ಪುಸ್ತಕದಲ್ಲಿ ಹಣ ಇಟ್ಟಿದ್ದರೇ ಅನ್ನುವುದು ಪ್ರಶ್ನೆ. ಬಜೆಟ್ಟು ಬರೀ ಅಂಕಿ ಅಂತ ಯಾರಾದರೂ ಅಂದರೆ ಸವಣೂರು ತೋರಿಸಿ.

ಇನ್ನೊಂದು ಸಂಗತಿ. ಆರಿಸಿ ಬಂದ ಮೆಂಬರು ಇದ್ದೂ ಇಲ್ಲದಂಥ ಕಾಲ ಬರುತ್ತದೆ. ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣ ಸಂಸ್ಥೆಗಳಿಗೆ 2018ರ ಆಗಸ್ಟಿನಲ್ಲಿ ಚುನಾವಣೆ ಆಯಿತು. ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿನ ಮೆಟ್ಟಿಲು ಹತ್ತಿತು. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಗೆ. ಎರಡು ವರ್ಷ ಗೆದ್ದ ಮೆಂಬರು ಪ್ರಮಾಣಪತ್ರ ಹಿಡಿದುಕೊಂಡು ಮನೆಯಲ್ಲಿ ಕೂತ. ಪುಸ್ತಕ ಆಡಳಿತಾಧಿಕಾರಿಯ ಕೈಯಲ್ಲಿ. ಇಂಥ ಕಾಲದಲ್ಲಿ ಬಜೆಟ್ಟು ನಿಲ್ಲುವುದಿಲ್ಲ, ಕೇಳುವವರು ಮಾತ್ರ ಇರುವುದಿಲ್ಲ. ಆಗ ಕೇಳುವವರು ನೀವೇ ಆಗಬೇಕು.

ಹೇಗೆ ಕೇಳಬೇಕು? ಹೇಳ್ತೀನಿ, ಇದು ಭಾಷಣದ ಮುಖ್ಯ ಭಾಗ.

ಒಂದು. ಕಾಲ ತಿಳಿಯಿರಿ. ಆರ್ಥಿಕ ವರ್ಷ ಏಪ್ರಿಲ್ ಒಂದಕ್ಕೆ ಶುರು. ಬಜೆಟ್ಟಿನ ಪೂರ್ವಭಾವಿ ಸಭೆಗಳು ಅದಕ್ಕೂ ಮುಂಚೆ ಚಳಿಗಾಲದಲ್ಲೇ ನಡೆಯುತ್ತವೆ. ಊರಿನ ಜನರನ್ನು ಕರೆದು ಸಲಹೆ ಕೇಳುವ ಸಭೆ ಅದು. ಅಲ್ಲಿ ಬರುವವರು ಅಂಗಡಿಕಾರರು, ಕಂಟ್ರಾಕ್ಟರು, ಮಾಜಿ ಮೆಂಬರು. ನೀವೂ ಹೋಗಿ. ನಮ್ಮ ಓಣಿಗೆ ಏನು ಬೇಕು ಅನ್ನುವ ಪಟ್ಟಿಯನ್ನು ಬರೆದುಕೊಂಡು ಹೋಗಿ, ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಮಾರ್ಚಿ ತಿಂಗಳಲ್ಲಿ ಎದ್ದು ಕೂಗಿದರೆ ಬಸ್ಸು ಹೋದ ಮೇಲೆ ಕೈ ಎತ್ತಿದ ಹಾಗೆ.

ಎರಡು. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಬಿಡಬೇಡಿ. ಮತ್ತೆ ಜಮಾಬಂದಿ. ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಇಟ್ಟು ತಪಾಸಣೆ ಮಾಡುವ ದಿನ ಅದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕು. ಆ ದಿನ ಲೆಕ್ಕದಲ್ಲಿ ಬರೆದ ಗಟಾರ ನೆಲದಲ್ಲಿ ಐತೋ ಇಲ್ಲೋ ನೋಡುವ ಹಕ್ಕು ಊರಿನ ಪ್ರತಿಯೊಬ್ಬನದು. ಟೇಪು ತಗೊಂಡು ಹೋಗಿ. ನೂರು ಮೀಟರ್ ಅಂತ ಬರೆದಿದ್ದರೆ ಅಳೆಯಿರಿ. ಅಳೆಯಲಿಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಮೂರು. ಕಾಮಗಾರಿಯ ಹಾದಿ ಕಲಿಯಿರಿ. ಕ್ರಿಯಾಯೋಜನೆ, ಅದಕ್ಕೆ ಮಂಜೂರಾತಿ, ಇಂಜಿನಿಯರನ ಅಂದಾಜು ಪತ್ರಿಕೆ, ಟೆಂಡರು, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಕೊನೆಗೆ ಬಳಕೆ ಪ್ರಮಾಣಪತ್ರ. ಇವು ಎಂಟು ಮೆಟ್ಟಿಲು. ನಮ್ಮ ಕೆಲಸ ಎಷ್ಟನೆಯ ಮೆಟ್ಟಿಲಲ್ಲಿ ನಿಂತಿದೆ ಅಂತ ಕೇಳಿ. "ಕೆಲಸ ಯಾವಾಗ ಆಗ್ತದ ಸಾಹೇಬ್ರ?" ಅಂತ ಕೇಳಿದರೆ "ನೋಡೋಣು" ಅಂತಾರೆ. "ಕಾರ್ಯಾದೇಶದ ನಂಬರು ತಾರೀಖು ಹೇಳ್ರಿ" ಅಂತ ಕೇಳಿದರೆ ಕುರ್ಚಿಯಲ್ಲಿ ಸರಿಯಾಗಿ ಕೂಡುತ್ತಾರೆ. ಪ್ರಶ್ನೆ ಬದಲಾದರೆ ದನಿಯೂ ಬದಲಾಗುತ್ತದೆ.

ನಾಲ್ಕು. ಕಾಗದ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಐತಿ. ಹತ್ತು ರೂಪಾಯಿಯ ಅರ್ಜಿ. ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಶಬ್ದದೊಳಗೆ. ಮೂವತ್ತು ದಿನದಲ್ಲಿ ಉತ್ತರ. ಅರ್ಜಿಯಲ್ಲಿ ಸಿಟ್ಟು ಬರೆಯಬೇಡಿ, ಅನ್ಯಾಯದ ಕಥೆ ಬರೆಯಬೇಡಿ. ಬೇಕಾದ ಕಾಗದದ ಹೆಸರು ಬರೆಯಿರಿ: ಇಂಥ ವರ್ಷದ ಶೇಕಡಾ 24.10ರ ಕ್ರಿಯಾಯೋಜನೆ, ಖರ್ಚಿನ ವಿವರ, ಉಳಿದ ಶಿಲ್ಕು. ಇಷ್ಟೇ. ಗ್ರಾಮ ಪಂಚಾಯಿತಿಯ ಯೋಜನೆ, ಹಣಕಾಸು ಆಯೋಗದ ಖರ್ಚು ಇ–ಗ್ರಾಮಸ್ವರಾಜ್ ಜಾಲತಾಣದಲ್ಲಿ ಮೊಬೈಲಿನಲ್ಲೇ ಸಿಗುತ್ತದೆ. ಹಾಸ್ಟೆಲ್ಲಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಐತಿ. ರೀಲ್ಸ್ ನೋಡುವ ಒಂದು ತಾಸಿನಲ್ಲಿ ಹತ್ತು ನಿಮಿಷ ನಿಮ್ಮ ಊರಿನ ಹೆಸರು ಹಾಕಿ ನೋಡಿ.

ಅರ್ಜಿಯನ್ನು ಒಬ್ಬನೇ ಹಾಕಬೇಡಿ. ಹಳ್ಳಿಯಲ್ಲಿ ಒಬ್ಬ ಹುಡುಗ ಲೆಕ್ಕ ಕೇಳಿದರೆ ಅವನ ಅಪ್ಪನ ಕೂಲಿ ನಿಲ್ಲುತ್ತದೆ. ಸಾಲ ಕೊಟ್ಟವ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇದು ನಿಮಗೆ ನನಗಿಂತ ಹೆಚ್ಚು ಗೊತ್ತು. ಐದು ಊರಿನ ಐದು ಹುಡುಗರು ಹಾಸ್ಟೆಲ್ಲಿನಲ್ಲಿ ಕೂಡಿ, ಒಬ್ಬನ ಊರಿನ ಅರ್ಜಿಯನ್ನು ಇನ್ನೊಬ್ಬ ಹಾಕಲಿ. ಮಾಹಿತಿ ಕೇಳಲಿಕ್ಕೆ ಆ ಊರಿನವನೇ ಆಗಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಹಾಸ್ಟೆಲ್ ಅಂದರೆ ಬರೀ ಊಟ–ವಸತಿ ಅಲ್ಲ. ಹತ್ತಾರು ಹಳ್ಳಿಯ ಕೇರಿಗಳು ಒಂದೇ ಮಾಳಿಗೆಯ ಕೆಳಗೆ ಸೇರಿದ ಜಾಗ ಅದು. ಇಂಥ ಜಾಗ ನಮ್ಮ ಅಪ್ಪಂದಿರಿಗೆ ಸಿಕ್ಕಿರಲಿಲ್ಲ.

ಐದು. ನಮ್ಮ ಮೆಂಬರನ್ನು ಬಿಟ್ಟುಕೊಡಬೇಡಿ. ಅವರು ಯಾವ ಪಕ್ಷದವರೇ ಇರಲಿ, ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಿ. ಮೂರೇ ಪ್ರಶ್ನೆ ಬರೆದುಕೊಡಿ. ಹೋದ ವರ್ಷ ನಮ್ಮ ಪಾಲು ಎಷ್ಟು? ಖರ್ಚು ಎಷ್ಟು? ಉಳಿದದ್ದು ಈ ವರ್ಷದ ಯಾವ ಪುಟದಲ್ಲಿದೆ? ಆ ಮೂರು ಪ್ರಶ್ನೆ, ಅವುಗಳಿಗೆ ಸಿಕ್ಕ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಲಿ ಅಂತ ಅವರು ಒತ್ತಾಯ ಮಾಡಲಿ. ನಡಾವಳಿಯಲ್ಲಿ ಬರೆದದ್ದು ಮುಂದೆ ಆಡಿಟ್ಟಿನವರ ಕಣ್ಣಿಗೂ ಬೀಳುತ್ತದೆ, ಕೋರ್ಟಿನಲ್ಲೂ ನಿಲ್ಲುತ್ತದೆ. ಬಾಯಿಮಾತು ಚಹಾದ ಜೊತೆ ಆರಿಹೋಗುತ್ತದೆ.

ಕೊನೆಯ ಮಾತು. ಕೆಲವರು ಹೇಳುತ್ತಾರೆ, "ಈ ಹಣ ಕೇಳೋದು ಭಿಕ್ಷೆ ಕೇಳಿದಂಗ, ನಮಗ ಸ್ವಾಭಿಮಾನ ಬೇಕು." ತಪ್ಪು ತಿಳಿವಳಿಕೆ ಅದು. ನಮ್ಮ ಅವ್ವ ಒಂದು ಕಡ್ಡಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುತ್ತಾಳೆ. ನಮ್ಮ ಅಪ್ಪ ಮನೆಪಟ್ಟಿ ಕಟ್ಟುತ್ತಾನೆ, ಬಾಕಿ ಬಿದ್ದರೆ ಉತಾರ ಕೊಡುವುದಿಲ್ಲ. ಊರಿನ ಗಟಾರ ಬಳಿಯುವವರ ಬೆವರು ಯಾವ ಪುಸ್ತಕದಲ್ಲೂ ಜಮೆಯಾಗಿಲ್ಲ. ಜಮೆಯ ಕಡೆ ನಾವು ಇದ್ದೇವೆ. ಖರ್ಚಿನ ಕಡೆಯೂ ನಮ್ಮ ಹೆಸರು ಇರಬೇಕು ಅಂತ ಕೇಳುವುದು ಭಿಕ್ಷೆ ಅಲ್ಲ, ಲೆಕ್ಕ ಚುಕ್ತಾ ಮಾಡ್ರಿ ಅನ್ನುವುದು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ನಿಮ್ಮ ಊರಿನ ಎರಡು ವರ್ಷದ ಬಜೆಟ್ ಪ್ರತಿ ತನ್ನಿ. ಗುಡಗೇರಿಯವರು ಗುಡಗೇರಿಯದು, ಸಂಶಿಯವರು ಸಂಶಿಯದು, ಕುಂದಗೋಳದವರು ಕುಂದಗೋಳದ್ದು. ನೆಲದ ಮೇಲೆ ಹಾಸಿ, ಕೆಂಪು ಪೆನ್ನು ಹಿಡಿದು ಕೂಡೋಣ. ನಮ್ಮ ಓಣಿ ಯಾವ ಪುಟದಲ್ಲೈತಿ, ಯಾವ ಪುಟದಲ್ಲಿ ಇಲ್ಲ ಅಂತ ಒಟ್ಟಿಗೆ ಗುರುತು ಹಾಕೋಣ. ಆಮೇಲೆ ಪುರಸಭೆಯ ಮುಂದೆ ಹೋಗಿ ನಿಲ್ಲೋಣ. ಆಗ ನಮ್ಮ ಘೋಷಣೆಗೆ ಪುಟದ ನಂಬರೂ ಇರುತ್ತದೆ.

ಜೈ ಭೀಮ್.